ಎಲ್ಲ ಡಬ್ಬಿಗೂ ಒಂದೇ ನೀಲಿ

ಅವಳಿಗೆ ‘ಬಣ್ಣದ ಡಾಕ್ಟ್ರು’ ಎಂದು ಹೆಸರಿಟ್ಟವನು ಅವಳ ತಮ್ಮ. ಯಾವ ಸಾಮಾನಿಗೆ ಯಾವ ಬಣ್ಣ ಕೊಟ್ಟರೆ ಜನರ ಮನಸ್ಸು ಎತ್ತ ವಾಲುತ್ತದೆ ಎಂದು ಕಂಪನಿಗಳಿಗೆ ಹೇಳಿಕೊಡುವುದೇ ಅವಳ ಕಸುಬು. ಕೆಂಪು ಹಸಿವು ಕೆರಳಿಸುತ್ತದೆ, ಹಳದಿ ಕೈಬೀಸಿ ಕರೆಯುತ್ತದೆ, ನೀಲಿ ನಂಬಿಕೆ ಹುಟ್ಟಿಸುತ್ತದೆ.

“ನಂಬಿಕೆ ಹುಟ್ಸೋದು ಅಂದ್ರೆ ಟೋಪಿ ಹಾಕೋದು ತಾನೇ ಅಕ್ಕಾ?” ಎಂದು ತಮ್ಮ ರೇಗಿಸುತ್ತಿದ್ದ.

“ಹೋಗೋ, ಮಾಡೋಕೆ ಬೇರೆ ಕೆಲ್ಸ ಇಲ್ವಾ ನಿಂಗೆ?” ಎಂದು ಅವಳು ನಗುತ್ತಿದ್ದಳು. ಕೆಲಸದಲ್ಲಿ ಅವಳದು ಎತ್ತಿದ ಕೈ, ಎರಡು ಮಾತಿಲ್ಲ.

ಬಣ್ಣದ ಹುಚ್ಚು ಹತ್ತಿದ್ದು ಅಮ್ಮನಿಂದ. ಬಟ್ಟೆ ಹೊಲಿದು ಇಬ್ಬರು ಮಕ್ಕಳನ್ನು ದಡ ಮುಟ್ಟಿಸಿದವಳು ಅಮ್ಮ. ಮಗಳು ಅಕ್ಷರ ಕಲಿಯುವ ಮೊದಲೇ ಹೊಲಿಗೆ ಯಂತ್ರದ ಕೆಳಗೆ ಕೂತು ದಾರದ ರೀಲುಗಳ ಬಣ್ಣ ಕಲಿತಿದ್ದಳು. ಈಗ ಅಮ್ಮನ ಕಣ್ಣು ಮಂಜಾಗಿತ್ತು. ಅಕ್ಷರಗಳು ಕಲಸಿಹೋಗಿದ್ದವು, ಬಣ್ಣಗಳು ಮಾತ್ರ ಇನ್ನೂ ಕೈಬಿಟ್ಟಿರಲಿಲ್ಲ. ಮಾತ್ರೆಗಳನ್ನೂ ಅವಳು ಬಣ್ಣ ನೋಡಿಯೇ ನುಂಗುತ್ತಿದ್ದಳು. ಕೆಂಪು ಡಬ್ಬಿ ಬೆಳಗ್ಗೆ, ಸಕ್ಕರೆ ಕಾಯಿಲೆಗೆ. ಹಳದಿ ರಾತ್ರಿ, ನಿದ್ದೆಗೆ. ಹಸಿರು ಮಂಡಿ ನೋವು ಬಂದಾಗ. ಮಗಳು ತಾನೇ ತೆಗೆದುಕೊಡಲು ಹೋದರೆ ಅಮ್ಮನಿಗೆ ಎಲ್ಲಿಲ್ಲದ ಸಿಟ್ಟು.

“ನಾನೇನು ತೊಟ್ಟಿಲ ಕೂಸಾ? ಸುಮ್ನೆ ಹೋಗಿ ನಿನ್ ಕೆಲ್ಸ ನೋಡ್ಕೋ.”

ಆ ಮಾತ್ರೆಗಳನ್ನು ಮಾಡುವ ಕಂಪನಿಯೇ ಒಂದು ದಿನ ಮಗಳನ್ನು ಕರೆಸಿತು. “ಮೇಡಂ, ನಮ್ ಡಬ್ಬಿಗಳನ್ನ ಸಾಲಾಗಿ ಇಟ್ರೆ ಸಂತೆ ಥರ ಕಾಣ್ಸುತ್ತೆ. ಎಲ್ಲಾ ಒಂದೇ ಮನೆ ಮಕ್ಕಳು ಅಂತ ಗೊತ್ತಾಗ್ಬೇಕು,” ಎಂದ ಮ್ಯಾನೇಜರು.

ಅವಳಿಗೆ ಇಷ್ಟು ಹೇಳಿದರೆ ಸಾಕಾಗಿತ್ತು. ಕೆಂಪೆಂದರೆ ಅಪಾಯ, ಹಳದಿಯೆಂದರೆ ತಳಮಳ. ಕಾಯಿಲೆಯವರಿಗೆ ಮೊದಲೇ ಇರುವ ಭಯ ಸಾಲದೇ? ಎಲ್ಲ ಡಬ್ಬಿಗೂ ಒಂದೇ ತಿಳಿ ನೀಲಿ, ಅದರ ಮೇಲೆ ಕೊಂಚ ಗಾಢ ನೀಲಿಯಲ್ಲಿ ತೆಳ್ಳಗೆ ಹೆಸರು. ಕಂಪನಿಯವರು ಜನರನ್ನು ಕೂರಿಸಿ ತೋರಿಸಿದರು, ಏನನ್ನಿಸುತ್ತದೆ ಎಂದು ಕೇಳಿದರು. ಬಂದವರು ನೆಮ್ಮದಿ ಅಂದರು, ಹಗುರ ಅಂದರು. ಇವುಗಳಲ್ಲಿ ಯಾವ ಡಬ್ಬಿ ಯಾವ ಕಾಯಿಲೆಗೆ ಎಂದು ಮಾತ್ರ ಯಾರೂ ಯಾರನ್ನೂ ಕೇಳಲಿಲ್ಲ. ಬಣ್ಣ ಮನಸ್ಸಿಗೆ ಏನು ಮಾಡುತ್ತದೆ ಎಂದು ತಲೆ ಕೆಡಿಸಿಕೊಂಡವರಿಗೆ ಅದು ಗುರುತಿಗೂ ಬೇಕು ಎನ್ನುವುದು ಹೊಳೆಯಲೇ ಇಲ್ಲ ನೋಡಿ!

ಮಾದರಿ ಡಬ್ಬಿಗಳನ್ನು ಅವಳು ಅಮ್ಮನಿಗೂ ತೋರಿಸಿದ್ದಳು. ಅಮ್ಮ ಒಂದೊಂದನ್ನೇ ಕಣ್ಣಿಗೆ ಹತ್ತಿರ ಹಿಡಿದಳು. “ತಂಪಾಗಿದೆ ಕಣೇ,” ಅಂದಳು. ಆಮೇಲೆ ಮೂರನ್ನೂ ಒಟ್ಟಿಗೆ ಹಿಡಿದು, “ಎಲ್ಲಾ ಒಂದೇ ಥರ ಇದೆ.”

“ಅದೇ ಅಮ್ಮಾ ಬೇಕಾಗಿದ್ದು!” ಎಂದು ಮಗಳು ಕುಣಿದುಬಿಟ್ಟಳು. ಆ ಖುಷಿ ಕಂಡ ಅಮ್ಮ ಮುಂದಿನ ಮಾತನ್ನು ನುಂಗಿಕೊಂಡಳು.

ಹೊಸ ಡಬ್ಬಿಗಳು ಅಂಗಡಿಗೆ ಬಂದ ದಿನ ಮಗಳೇ ತಂದು ಅಮ್ಮನ ಮೇಜಿನ ಮೇಲೆ ಸಾಲಾಗಿ ಜೋಡಿಸಿದಳು. ಹಳೆಯವನ್ನು ಕಸಕ್ಕೆ ಹಾಕಿದಳು. “ಎಡಗಡೇದು ಸಕ್ಕರೇದು, ನಡುವಿಂದು ನಿದ್ದೇದು, ಬಲಗಡೇದು ಮಂಡೀದು. ಗೊತ್ತಾಯ್ತಾ?”

“ಗೊತ್ತಾಯ್ತು ಮಾರಾಯ್ತಿ,” ಎಂದ ಅಮ್ಮ, ಬೇಲಿಯಾಚೆಯ ಹೆಂಗಸನ್ನು ಕರೆದು, “ನನ್ ಮಗಳ ಬಣ್ಣ ನೋಡ್ರೀ,” ಎಂದು ಬೀಗಿದಳು. ಮೇಜು ಒರೆಸುವಾಗ ಡಬ್ಬಿಗಳು ಯಾವತ್ತು ಅದಲುಬದಲಾದವೋ ಯಾರಿಗೂ ತಿಳಿಯಲಿಲ್ಲ.

ಮಂಡಿ ನೋವು ಜೋರಾದ ದಿನ ಅಮ್ಮ ಬಲಗಡೆಯ ಡಬ್ಬಿಯಿಂದ ಮಾತ್ರೆ ನುಂಗಿದಳು. ಇಳಿಯಲಿಲ್ಲ. ಇನ್ನೊಂದು ನುಂಗಿದಳು, ಮತ್ತೊಂದು. ಅವೆಲ್ಲ ಸಕ್ಕರೆ ಇಳಿಸುವ ಮಾತ್ರೆಗಳು. ಸಂಜೆ ಮಗಳು ಬಂದಾಗ ಅಮ್ಮ ಮಲಗಿದ್ದಳು. ಪಾಪ, ನಿದ್ದೆ ಹತ್ತಿದೆ ಎಂದುಕೊಂಡು ಮಗಳು ಹೊದಿಕೆ ಎಳೆದು ಬಾಗಿಲು ಮುಂದೆ ಮಾಡಿದಳು. ಬೆಳಗ್ಗೆ ಎಬ್ಬಿಸಲು ಹೋದರೆ ಅಮ್ಮ ಏಳಲಿಲ್ಲ.

“ಜೀವ ಉಳಿದಿದೆ. ಆದ್ರೆ ತುಂಬಾ ಹೊತ್ತು ಮಿದುಳಿಗೆ ಸಕ್ಕರೆ ಸಿಕ್ಕಿಲ್ಲ. ಹೋಗಿದ್ದು ವಾಪಸ್ ಬರಲ್ಲ,” ಎಂದರು ಆಸ್ಪತ್ರೆಯ ಡಾಕ್ಟರು. ಅವರೇನೂ ಮುಚ್ಚಿಡಲಿಲ್ಲ.

ಅವಳು ಮ್ಯಾನೇಜರಿಗೆ ಫೋನು ಮಾಡಿದಳು. ಡಬ್ಬಿ ಬದಲಿಸಿ ಎಂದು ಅಂಗಲಾಚಿದಳು. ಆತ ನಿಜವಾಗಿಯೂ ಮರುಗಿದ. “ಛೆ ಛೆ, ಹೀಗಾಗ್ಬಾರದಿತ್ತು ಮೇಡಂ. ಆದ್ರೆ ಜನ ಈ ಬಣ್ಣಾನ ತುಂಬಾ ಒಪ್ಕೊಂಡಿದಾರೆ. ವಯಸ್ಸಾದೋರಿಗೆ ಮನೇಲಿರೋರು ನೋಡ್ಕೊಂಡು ಕೊಡ್ಬೇಕಲ್ವಾ?” ಮನೆಯಲ್ಲಿದ್ದವಳು ಅವಳೇ. ಅಕ್ಕ ಎದುರಿಗೆ ಬಂದರೆ ತಮ್ಮ ಎದ್ದು ಆಚೆ ಹೋಗುತ್ತಿದ್ದ, ರೇಗಿಸುವುದನ್ನಂತೂ ಬಿಟ್ಟೇಬಿಟ್ಟಿದ್ದ. ಅವನು ನಾಲ್ಕು ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸುತ್ತಿತ್ತು.

ಅಮ್ಮನನ್ನು ಮನೆಗೆ ಕರೆತಂದರು. ಈಗ ಮಾತ್ರೆಗಳನ್ನು ಮಗಳೇ ಪುಡಿ ಮಾಡಿ ಕುಡಿಸುತ್ತಾಳೆ, ಅಮ್ಮ ಸಿಟ್ಟು ಮಾಡುವುದಿಲ್ಲ. ಆದರೂ ಒಂದು ಮಧ್ಯಾಹ್ನ ಅವಳು ಹಳೆಯ ಹೊಲಿಗೆ ಪೆಟ್ಟಿಗೆ ತೆಗೆದು, ಒಂದು ಡಬ್ಬಿಗೆ ಕೆಂಪು ದಾರ, ಒಂದಕ್ಕೆ ಹಳದಿ, ಒಂದಕ್ಕೆ ಹಸಿರು ಸುತ್ತಿದಳು. ಅವನ್ನು ಅಮ್ಮನ ಮಡಿಲಲ್ಲಿಟ್ಟು, ಮಗ್ಗುಲಲ್ಲಿ ಕೂತಳು.

“ಅಮ್ಮಾ, ಬೆಳಗ್ಗೇದು ಯಾವ್ದು ಹೇಳು ನೋಡೋಣ. ಕೆಂಪು ಯಾವ್ದು?”

ಅಮ್ಮ ಮೂರನ್ನೂ ತಿರುಗಿಸಿ ತಿರುಗಿಸಿ ನೋಡಿದಳು. ದಾರದ ಮೇಲೆ ಬೆರಳಾಡಿಸಿದಳು. ಆಮೇಲೆ ಅಪರಿಚಿತರ ಮನೆಗೆ ಬಂದವಳ ಸಂಕೋಚದಿಂದ ಮಗಳ ಕಡೆ ನೋಡಿ ನಕ್ಕಳು.

“ಎಲ್ಲಾ ಒಂದೇ ಥರ ಇದಾವಲ್ರೀ,” ಅಂದಳು. “ನೀವು ಯಾರ ಮನೆಯೋರು?”