ಮೀಟರಣ್ಣನ ಮಾತು

ಧರ್ಮಕ್ಕೆಂದು ಏನಾದರೂ ಕೊಡಬೇಕೆನಿಸಿದವರು ಆ ಊರಲ್ಲಿ ಮೊದಲು ಹುಡುಕಿಕೊಂಡು ಹೋಗುತ್ತಿದ್ದುದು ಮೀಟರಣ್ಣನನ್ನು. ತೀರಿಕೊಂಡ ಅಪ್ಪನ ಹೆಸರಿನಲ್ಲಿ ಹೊದಿಕೆ ಹಂಚಬೇಕೆಂದವರು, ಮಗಳು ಪಾಸಾದ ಖುಷಿಗೆ ದಿಕ್ಕಿಲ್ಲದವರಿಗೆ ಒಂದು ಹೊತ್ತಿನ ಊಟ ಹಾಕಿಸಬೇಕೆಂದವರು, ಎಲ್ಲರೂ ಅವನ ಜಗಲಿ ಹತ್ತಿದವರೇ. ಎಂಜಲು ಕೈಯಲ್ಲಿ ಕಾಗೆ ಓಡಿಸದ ಬಟ್ಟೆ ಅಂಗಡಿ ಯಜಮಾನನಿಗೂ ವಯಸ್ಸಾದ ಮೇಲೆ ಪುಣ್ಯದ ಚಿಂತೆ ಹತ್ತಿ, "ಯಾವುದು ಅಸಲಿ, ಯಾವುದು ಬರೀ ಬೋರ್ಡು, ನೀವೇ ಹೇಳ್ಬೇಕು" ಎಂದು ಬಂದು ಕೂತಿದ್ದ.

ಮೂವತ್ತೊಂದು ವರ್ಷ ಸೈಕಲ್ ತುಳಿದು ಸುತ್ತಲಿನ ಹಳ್ಳಿಗಳ ಕರೆಂಟ್ ಮೀಟರುಗಳನ್ನೆಲ್ಲ ಓದಿದ ಮನುಷ್ಯ ಅವನು. ಸಂಸ್ಥೆಗಳನ್ನು ಅಳೆಯಲು ಅವನಿಗೆ ಬೇರೆ ಕಾಗದಪತ್ರ ಬೇಕಿರಲಿಲ್ಲ. "ಇಪ್ಪತ್ತು ಜನ ಇದಾರೆ ಅಂತಾರಲ್ಲ, ಇಪ್ಪತ್ತು ಜನಕ್ಕೆ ಎಷ್ಟು ದೀಪ ಬೇಕು, ಎಷ್ಟು ಫ್ಯಾನ್ ಬೇಕು, ನೀರಿನ ಮೋಟರ್ ಎಷ್ಟು ಹೊತ್ತು ಓಡ್ಬೇಕು? ಮನುಷ್ಯರು ಬಾಯಿಗೆ ಬಂದದ್ದು ಹೇಳ್ತಾರೆ. ಮೀಟರಿಗೆ ಬಾಯೇ ಇಲ್ಲ" ಎನ್ನುತ್ತಿದ್ದ. ಹೇಳುವಾಗ ಕನ್ನಡಕ ಹಣೆಗೇರಿಸಿಕೊಳ್ಳುತ್ತಿದ್ದ. ಕೇಳುವವರಿಗೆ ಅಷ್ಟೇ ಸಾಕಾಗುತ್ತಿತ್ತು.

ಅವನ ಮಾತು ಒಂದು ಸಲ ಪಕ್ಕಾ ನಿಜವಾಗಿಬಿಟ್ಟಿತ್ತು, ಅದೇ ಕೆಟ್ಟದ್ದಾಯಿತು. ನಲವತ್ತು ಮುದುಕರನ್ನು ಸಾಕುತ್ತೇವೆಂದು ಊರೆಲ್ಲ ಫೋಟೋ ಅಂಟಿಸಿದ್ದ ವೃದ್ಧಾಶ್ರಮವೊಂದರ ಮೀಟರ್ ಒಂದು ಚಹಾದಂಗಡಿಯಷ್ಟೂ ತಿರುಗುತ್ತಿಲ್ಲವೆಂದು ಇವನೇ ಮೊದಲು ಹೇಳಿದ್ದ. ಅಧಿಕಾರಿಗಳು ಹೋಗಿ ನೋಡಿದರೆ ಫೋಟೋದ ಮುದುಕರೆಲ್ಲ ಒಂದು ದಿನದ ಬಾಡಿಗೆಗೆ ಬಂದು ಕೂತವರು. ಅಂದಿನಿಂದ ಮೀಟರಣ್ಣನ ಮಾತೆಂದರೆ ಮಾತು. ಅವನಿಗೂ ಹಾಗೇ ಅನ್ನಿಸತೊಡಗಿತು.

ಬುದ್ಧಿ ಬೆಳೆಯದ ಹೆಣ್ಣುಮಕ್ಕಳನ್ನು ಇಟ್ಟುಕೊಳ್ಳುವ ಸಂಸ್ಥೆಗಳು ಇಡೀ ಜಿಲ್ಲೆಗೆ ಎರಡೇ ಇದ್ದವು. ಒಂದು ಹೆದ್ದಾರಿ ಪಕ್ಕದ ದೊಡ್ಡ ಧಾಮ. ಅದರ ಮೀಟರ್ ಹುಚ್ಚು ಹಿಡಿದಂತೆ ತಿರುಗುತ್ತಿತ್ತು. ಇನ್ನೊಂದು ಗುಡ್ಡದ ಕೆಳಗಿನ ಹಂಚಿನ ಮನೆ. ಅಲ್ಲಿ ಹದಿನೆಂಟು ಜನ ಇದ್ದಾರೆಂದು ಬೋರ್ಡು, ತಿಂಗಳಿಗೆ ಓಡಿದ್ದು ಮಾತ್ರ ಆರೇಳು ಯೂನಿಟ್ಟು. ಮೀಟರ್ ಹೊರಗೋಡೆಯಲ್ಲಿತ್ತು, ಬಾಗಿಲು ಸದಾ ಮುಚ್ಚಿರುತ್ತಿತ್ತು, ಒಳಗಿಂದ ಕೆಮ್ಮಿದ ಸದ್ದೂ ಕೇಳುತ್ತಿರಲಿಲ್ಲ. "ಅಲ್ಲಿ ನರಪಿಳ್ಳೆ ಇಲ್ಲ. ಕೊಡೋದಿದ್ರೆ ದೊಡ್ಡ ಧಾಮಕ್ಕೆ ಕೊಡಿ" ಎಂದು ಕೇಳಿದವರಿಗೆಲ್ಲ ಹೇಳಿದ. ಹೋದ ವರ್ಷ ಹಂಚಿನ ಮನೆ ಮುಚ್ಚಿತೆಂದು ಕೇಳಿ, "ನಾನು ಹೇಳಿರ್ಲಿಲ್ವಾ" ಎಂದು ನಕ್ಕೂ ಇದ್ದ.

ಈಗ ಆ ನಗೆ ಅವನ ಮುಖದಲ್ಲಿರಲಿಲ್ಲ. ಹೊಟ್ಟೆನೋವೆಂದು ಆಸ್ಪತ್ರೆಗೆ ಹೋದವನಿಗೆ ಡಾಕ್ಟರು ಸುತ್ತಿ ಬಳಸದೆ ಹೇಳಿಬಿಟ್ಟಿದ್ದರು: ಆರು ತಿಂಗಳು, ಹೆಚ್ಚೆಂದರೆ ಎಂಟು. ಸಾಯುವುದಕ್ಕೆ ಅವನೇನೂ ಅಷ್ಟು ಹೆದರಲಿಲ್ಲ. ಮನೆಯಲ್ಲಿ ಪುಟ್ಟಿ ಇದ್ದಳು. ಅವನ ತಂಗಿ. ವಯಸ್ಸು ನಲವತ್ತಾರು, ಬುದ್ಧಿ ನಾಲ್ಕೈದರ ಮಗುವಿನದು. ಅಮ್ಮ ಹೋದ ಮೇಲೆ ತಲೆ ಬಾಚುವುದರಿಂದ ಹಿಡಿದು ಉಗುರು ಕತ್ತರಿಸುವ ತನಕ ಎಲ್ಲ ಇವನೇ. ಮದುವೆಯ ಮಾತು ಬಂದಾಗಲೆಲ್ಲ, "ನನ್ನನ್ನ ಒಪ್ಪೋರು ಸಿಗಬಹುದು, ಇಬ್ಬರನ್ನೂ ಒಪ್ಪೋರು ಸಿಗ್ಬೇಕಲ್ಲ" ಎಂದು ತಮಾಷೆ ಮಾಡುತ್ತಾ ವಯಸ್ಸು ಕಳೆದಿದ್ದ. ನೆಂಟರು ಒಬ್ಬೊಬ್ಬರಾಗಿ ಕೈಯೆತ್ತಿದ್ದರು. ಉಳಿದಿದ್ದು ಇಷ್ಟೇ: ಕಣ್ಣು ಮುಚ್ಚುವ ಮೊದಲು ಅವಳನ್ನು ಒಂದು ನಂಬಿಕೆಯ ಜಾಗಕ್ಕೆ ಸೇರಿಸಬೇಕು, ಇರುವ ಮನೆಯನ್ನು ಅದೇ ಜಾಗಕ್ಕೆ ಬರೆದುಕೊಡಬೇಕು.

ಆರಿಸುವ ಕಷ್ಟವೇನೂ ಅವನಿಗಿರಲಿಲ್ಲ. ಊರಿಗೇ ಆರಿಸಿಕೊಟ್ಟವನಲ್ಲವೆ? ಒಂದು ಬೆಳಿಗ್ಗೆ ಪುಟ್ಟಿಗೆ ಹೊಸ ಬಟ್ಟೆ ತೊಡಿಸಿ, ಕೈಹಿಡಿದು ಬಸ್ಸು ಹತ್ತಿಸಿ, ದೊಡ್ಡ ಧಾಮಕ್ಕೆ ಕರೆದುಕೊಂಡು ಹೋದ.

ಮ್ಯಾನೇಜರ್ ಬಾಗಿಲ ತನಕ ಎದ್ದು ಬಂದ. "ಬನ್ನಿ ಬನ್ನಿ, ನಿಮ್ಮ ಬಾಯಿಂದಲೇ ನಮ್ಮ ಸಂಸ್ಥೆ ಬೆಳೆದಿದ್ದು ಸಾರ್" ಎಂದು ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿದ. ಗೋಡೆಯ ತುಂಬ ದಾನಿಗಳ ಹೆಸರು. ಅರ್ಧಕ್ಕರ್ಧ ಇವನೇ ಕಳಿಸಿದವರು. ಮೀಟರಣ್ಣನಿಗೆ ಒಳಗೊಳಗೇ ಹಿಗ್ಗಾಯಿತು. ಅಷ್ಟರಲ್ಲಿ ಪುಟ್ಟಿಗೆ ಅವಸರವಾಯಿತು. ದಾರಿ ತೋರಿಸಲು ಬಂದ ಕೆಲಸದವಳೊಬ್ಬಳ ಹಿಂದೆ ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೊರಟ.

ಹಿತ್ತಲಲ್ಲಿ ಒಂದು ದೊಡ್ಡ ಶೆಡ್ಡು, ಅದರೊಳಗೆ ಯಂತ್ರಗಳ ಗುರುಗುಟ್ಟುವಿಕೆ. ಇಬ್ಬರು ಆಳುಗಳು ಮಂಜುಗಡ್ಡೆಯ ಅಚ್ಚುಗಳನ್ನು ಗಾಡಿಗೆ ತುಂಬುತ್ತಿದ್ದರು. "ಇದೇನಿದು?" ಎಂದು ಕೇಳಿದ. "ಐಸ್ ಫ್ಯಾಕ್ಟರಿ. ನಮ್ಮ ಮ್ಯಾನೇಜರ್ ಬಾಮೈದಂದು" ಎಂದಳು ಕೆಲಸದವಳು, ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲವೆನ್ನುವ ಹಾಗೆ. "ಧರ್ಮಸಂಸ್ಥೆಗಾದ್ರೆ ಕರೆಂಟ್ ಅಗ್ಗ ಅಲ್ವಾ, ಅದಕ್ಕೇ ಇಲ್ಲಿಟ್ಟಿದಾರೆ."

ಮೀಟರಣ್ಣ ಶೆಡ್ಡಿನಿಂದ ಗೇಟಿನ ಕಡೆಗೆ ತಿರುಗಿ ನೋಡಿದ. ಗೇಟಿನ ಕಂಬದ ಮೀಟರನ್ನು ಓದಿ, ಬರೆದುಕೊಂಡು, ಸೈಕಲ್ ಬೆಲ್ ಹೊಡೆದು ಮುಂದಿನ ಮನೆಗೆ ಹೋಗುತ್ತಿದ್ದ ಪುಣ್ಯಾತ್ಮ, ಗೇಟು ದಾಟಿ ಹತ್ತು ಹೆಜ್ಜೆ ಒಳಗೆ ಇಟ್ಟಿದ್ದರೆ ಆಗುತ್ತಿತ್ತು. ಇಟ್ಟಿರಲಿಲ್ಲ.

"ಹೆಣ್ಣುಮಕ್ಕಳೆಲ್ಲಿ?" ಎಂದ. ಅವಳು ಶೆಡ್ಡಿನ ಹಿಂದಿನ ಕೋಣೆಯ ಚಿಲಕ ತೆಗೆದಳು. ಚಿಲಕ ಹೊರಗಡೆಗಿತ್ತು. ಹನ್ನೊಂದು ಜನ, ಒಂದು ಕಿಟಕಿ. ಸೂರಿನಲ್ಲಿ ಕೊಕ್ಕೆ ಇತ್ತು, ಫ್ಯಾನ್ ಇರಲಿಲ್ಲ. ಬೇಸಿಗೆಯ ಧಗೆಗೆ ಎಲ್ಲರ ಬಟ್ಟೆ ಮೈಗಂಟಿತ್ತು. "ಊಟಕ್ಕೆ ಎರಡು ಹೊತ್ತು ಬಿಡ್ತೀವಿ. ಬೈಯಲ್ಲ, ಹೊಡೆಯಲ್ಲ" ಎಂದಳು ಕೆಲಸದವಳು. ಮೂಲೆಯಲ್ಲಿ ಕೂತಿದ್ದ ಒಬ್ಬಳು ಮೀಟರಣ್ಣನನ್ನೇ ನೋಡುತ್ತಿದ್ದವಳು ಮುಖ ಅರಳಿಸಿ, ಹೆಬ್ಬೆರಳು ಆಡಿಸುತ್ತಾ, "ಟ್ರಿಣ್ ಟ್ರಿಣ್" ಎಂದಳು.

"ಯಾರಿವಳು?"

"ಹಂಚಿನ ಮನೆ ಮುಚ್ಚಿದಾಗ ಬಂದೋಳು. ಇಲ್ಲಿ ಇಷ್ಟು ದಿನ ಬಾಯೇ ಬಿಟ್ಟಿರ್ಲಿಲ್ಲ."

ಮೀಟರಣ್ಣ ಮ್ಯಾನೇಜರಿಗೆ ಹೇಳದೆ ಹೊರಬಿದ್ದ. ಪುಟ್ಟಿಯನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಇನ್ನೊಂದು ಬಸ್ಸು ಹತ್ತಿ ಗುಡ್ಡದ ಕೆಳಗೆ ಇಳಿದ.

ಹಂಚಿನ ಮನೆಯ ಬೋರ್ಡು ಕಿತ್ತುಹೋಗಿತ್ತು. ಬಾಗಿಲು ತೆರೆದವರು ಎಪ್ಪತ್ತು ದಾಟಿದ ಒಬ್ಬ ಮುದುಕಿ, ಹಿಂದೆ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು. ಎಲ್ಲರೂ ನರ್ಸಮ್ಮ ಎನ್ನುತ್ತಿದ್ದರಂತೆ. ಗೋಡೆ ಹಿಡಿದು ಹೆಜ್ಜೆಯಿಡುತ್ತಿದ್ದರು. ಒಳಗೆ ಹದಿನೆಂಟು ಮಂಚಗಳು ಸಾಲಾಗಿ ಇನ್ನೂ ಹಾಗೇ ಇದ್ದವು, ಒಂದೊಂದರ ತಲೆಯ ಬಳಿ ಒಂದೊಂದು ಬಣ್ಣದ ಬಟ್ಟೆಯ ತುಂಡು ಕಟ್ಟಿತ್ತು. ಓದಲು ಬಾರದವರಿಗೆ ಯಾವುದು ತನ್ನದೆಂದು ತಿಳಿಯಲು. ಪುಟ್ಟಿ ನೇರ ಹೋಗಿ ಹಳದಿ ಬಟ್ಟೆಯ ಮಂಚದ ಮೇಲೆ ಕೂತು ಕಾಲಾಡಿಸತೊಡಗಿದಳು. ಅವಳು ಪರರ ಮನೆಯಲ್ಲಿ ಹೀಗೆ ಕೂತಿದ್ದನ್ನು ಅಣ್ಣ ಕಂಡೇ ಇರಲಿಲ್ಲ.

"ಇಲ್ಲಿ ದೀಪ..." ಎಂದು ತಡವರಿಸಿದ.

"ಟ್ಯೂಬ್‌ಲೈಟು ಪಕಪಕ ಅಂದ್ರೆ ಮೂವರಿಗೆ ಫಿಟ್ಸ್ ಬರ್ತಿತ್ತು" ಎಂದರು ನರ್ಸಮ್ಮ. "ಫ್ಯಾನ್ ತಿರುಗಿದ್ರೆ ಒಬ್ಬಳು ಕಿರುಚ್ಕೊಳ್ಳೋಳು. ಅದಕ್ಕೇ ಲಾಟೀನೇ ಇಟ್ಕೊಂಡಿದ್ದೆ. ಬಾವಿ ನೀರು, ಸೌದೆ ಒಲೆ. ಹಂಚಿನ ಮನೆ ತಂಪು, ನಮಗೆ ಕರೆಂಟಿನ ಹಂಗೇ ಬೀಳ್ಲಿಲ್ಲ."

"ಮತ್ತೆ ಮುಚ್ಚಿದ್ದು?"

"ಕೊಡೋರು ನಿಂತುಬಿಟ್ರು. ಮೊದಲು ಬಟ್ಟೆ ಅಂಗಡಿಯವರು, ಆಮೇಲೆ ಒಬ್ಬೊಬ್ರೇ. ಕೇಳೋಕೆ ಹೋದ್ರೆ, ಅಲ್ಲಿ ಯಾರೂ ಇಲ್ವಂತಲ್ಲ ಅಂತಾರೆ. ಯಾರು ಹೇಳಿದ್ರು ಅಂದ್ರೆ, ನಂಬಿಕಸ್ತರು ಹೇಳಿದಾರೆ ಅಂತಾರೆ. ಬಂದು ನೋಡಿ ಅಂತ ಕೈಮುಗಿದೆ. ಯಾರೂ ಬರ್ಲಿಲ್ಲ."

ಆ ನಂಬಿಕಸ್ತರು ಯಾರೆಂದು ಮೀಟರಣ್ಣನಿಗೆ ಗೊತ್ತಿತ್ತು. ಸುಮ್ಮನೆ ಎದ್ದು ಹೋಗಬಹುದಿತ್ತು, ಮುದುಕಿಗೆ ಗೊತ್ತಾಗುತ್ತಿರಲಿಲ್ಲ. ಹೋಗಲಿಲ್ಲ, ಅಷ್ಟು ಮಟ್ಟಿಗೆ ಅವನನ್ನು ಮೆಚ್ಚಬೇಕು.

"ಹೇಳಿದ್ದು ನಾನೇ ಅಮ್ಮ. ಮೀಟರ್ ಓದೋಕೆ ಬರ್ತಿದ್ದೆ. ಒಳಗೆ ಸದ್ದೇ ಇರ್ತಿರ್ಲಿಲ್ಲ."

ನರ್ಸಮ್ಮ ಗೋಡೆ ಹಿಡಿದು ಅವನ ಹತ್ತಿರ ಬಂದರು. ಬೈಯುತ್ತಾರೆಂದು ಕಾದ. ಬೈದಿದ್ದರೆ ಹಗುರಾಗುತ್ತಿತ್ತು.

"ಬೆಲ್ಲಿನವರು ನೀವೇನಾ?" ಎಂದರು. "ನಿಮ್ಮ ಸೈಕಲ್ ಬೆಲ್ ಅಂದ್ರೆ ಹುಡುಗಿಯರಿಗೆ ಪ್ರಾಣ. ತಿಂಗಳೆಲ್ಲ ಟ್ರಿಣ್ ಟ್ರಿಣ್ ಅಂದ್ಕೊಂಡು ಕಾಯೋರು. ನೀವು ಬಂದ್ರೆ ಕಿಟಕಿ ಸಂದಿಗೆ ಕಣ್ಣಿಟ್ಟು ಸಾಲಾಗಿ ನಿಲ್ಲೋರು. ಇವರನ್ನ ಕಂಡು ಜನ ಹೆದರಿ ಓಡ್ತಾರಲ್ಲ, ನೀವೂ ಎಲ್ಲಿ ಬರೋದು ಬಿಡ್ತೀರೋ ಅಂತ ನಾನೇ ಬಾಯಿ ಮುಚ್ಚಿಸಿ ನಿಲ್ಲಿಸ್ತಿದ್ದೆ."

ಮೀಟರಣ್ಣ ಮುಖ ಮುಚ್ಚಿಕೊಂಡು ಅತ್ತ. ಅಣ್ಣ ಅಳುವುದನ್ನು ಕಂಡು ಪುಟ್ಟಿಯೂ ಅತ್ತಳು. ನರ್ಸಮ್ಮ ಇಬ್ಬರಿಗೂ ನೀರು ಕೊಟ್ಟರು.

ಬಂದ ವಿಷಯವನ್ನು ಕೊನೆಗೂ ಹೇಳಿದ. ಮನೆ ಬರೆದುಕೊಡುತ್ತೇನೆ, ಮತ್ತೆ ಶುರುಮಾಡಿ ಎಂದು ಬೇಡಿದ. ನರ್ಸಮ್ಮ ತಮ್ಮ ನಡುಗುವ ಕೈಗಳನ್ನು ಅವನ ಮುಂದೆ ಚಾಚಿದರು. "ಇದ್ರಲ್ಲಿ ಒಂದು ಲೋಟ ನಿಲ್ಲಲ್ಲ. ಈ ತಿಂಗಳ ಕೊನೆಗೆ ಮನೆ ಖಾಲಿ ಮಾಡ್ಬೇಕು, ನಾನೂ ತಂಗಿ ಮಗಳ ಮನೆಯಲ್ಲಿ ಬಿದ್ದಿರೋಕೆ ಹೊರಟಿದೀನಿ. ಎರಡು ವರ್ಷ ಮುಂಚೆ ಬಂದಿದ್ರೆ ಆ ಹಳದಿ ಮಂಚದ ಪಕ್ಕ ಇನ್ನೊಂದು ಹಾಕ್ತಿದ್ದೆ."

"ಹಾಗಾದ್ರೆ ಇವಳನ್ನ ಎಲ್ಲಿಗೆ ಸೇರಿಸ್ಲಿ?"

"ನಾನು ಹದಿನೆಂಟು ಜನರನ್ನ ಇಟ್ಕೊಂಡು ಅದನ್ನೇ ಕೇಳಿದ್ದೆ. ಏಳು ಜನಕ್ಕೆ ಅವರವರ ಮನೆಯವರು ಸಿಕ್ಕಿದ್ರು. ಉಳಿದವರಿಗೆ ಬಾಗಿಲು ತೆಗೆದದ್ದು ದೊಡ್ಡ ಧಾಮ ಒಂದೇ."

ಹನ್ನೊಂದು. ಹಿಂದಿನ ಕೋಣೆಯಲ್ಲಿ ಇದ್ದವರೂ ಅಷ್ಟೇ ಜನ. ಅಲ್ಲಿಯತನಕ ನರಪಿಳ್ಳೆ ಇಲ್ಲದಿದ್ದದ್ದು ದೊಡ್ಡ ಧಾಮದಲ್ಲೇ.

ಮುಂದಿನ ಎರಡು ವಾರ ಮೀಟರಣ್ಣ ಸುಮ್ಮನೆ ಕೂರಲಿಲ್ಲ. ಸುತ್ತಲಿನ ಜಿಲ್ಲೆಗಳಿಗೆಲ್ಲ ಬಸ್ಸಿನಲ್ಲಿ ಅಲೆದ. ಎಲ್ಲೂ ಜಾಗವಿರಲಿಲ್ಲ, ಇದ್ದಲ್ಲಿ ಹೊರಗಿನವರಿಗಿರಲಿಲ್ಲ. ದೊಡ್ಡ ಧಾಮದ ಮೇಲೆ ದೂರು ಬರೆಯಲು ಕೂತ, ಅರ್ಧ ಬರೆದು ಹರಿದುಹಾಕಿದ. ಅದನ್ನೂ ಮುಚ್ಚಿಸಿದರೆ ಆ ಹನ್ನೊಂದು ಜನ ಬೀದಿಗೆ, ಹನ್ನೆರಡನೆಯವಳು ಪುಟ್ಟಿ. ಹದಿನೈದನೆಯ ದಿನ ಅದೇ ಧಾಮಕ್ಕೆ ಹೋಗಿ ಪುಟ್ಟಿಯನ್ನು ಸೇರಿಸುವ ಅರ್ಜಿಗೆ ಸಹಿ ಹಾಕಿ ಬಂದ. ಮ್ಯಾನೇಜರ್ ಮತ್ತೆ ಬಾಗಿಲ ತನಕ ಬಂದು ಬೀಳ್ಕೊಟ್ಟ.

ಮನೆಗೆ ಬಂದಾಗ ಮಟಮಟ ಮಧ್ಯಾಹ್ನ. ಪುಟ್ಟಿಗೆ ಊಟ ಮಾಡಿಸಿ, ಬಾಯಿ ಒರೆಸಿ, ಕೋಣೆಯಲ್ಲಿ ಮಲಗಿಸಿದ. ಆಮೇಲೆ ಫ್ಯಾನ್ ಆರಿಸಿದ.

"ಅಣ್ಣ, ಗಾಳಿ" ಎಂದಳು.

"ಸ್ವಲ್ಪ ಹೊತ್ತು, ಅಭ್ಯಾಸ ಮಾಡ್ಕೋ ಪುಟ್ಟಿ" ಎಂದ. ಹೊರಗೆ ಬಂದು ಬಾಗಿಲೆಳೆದು, ಬೆಳಿಗ್ಗೆ ತಾನೇ ಮೊಳೆ ಹೊಡೆದು ಕೂರಿಸಿದ್ದ ಚಿಲಕ ಹಾಕಿದ. ಇದೇನೋ ಹೊಸ ಆಟವೆಂದು ಪುಟ್ಟಿ ಒಳಗಿನಿಂದ ಬಾಗಿಲು ಬಡಿದು ಕಿಲಕಿಲ ನಕ್ಕಳು. ಅವನು ಬಾಗಿಲಿಗೆ ಹಣೆಯೊತ್ತಿ ನಿಂತ. ಅವಳ ನಗು ನಿಂತು ಅಳು ಶುರುವಾದ ಮೇಲೂ ಚಿಲಕ ತೆಗೆಯಲಿಲ್ಲ.