ಗೆಳತಿಯ ಬಣ್ಣ

ಮೇಕಪ್‌ನವಳು ಆಸ್ಪತ್ರೆಯ ಮಂಚದ ಅಂಚಿನಲ್ಲಿ ಕುಳಿತು ಗೆಳತಿಯ ಮುಂಗೈಗೆ ಮೂರು ಬಗೆಯ ಕಂದು ಬಣ್ಣ ಸವರಿ ನೋಡುತ್ತಿದ್ದಳು. ಮೊದಲನೆಯದು ಕೆಂಪಾಯಿತು, ಎರಡನೆಯದು ಮಂಕಾಯಿತು. ಮೂರನೆಯದು ಚರ್ಮದಲ್ಲಿ ಬೆರೆತು, ಹಚ್ಚಿದ ಜಾಗವೇ ಕಾಣದಂತಾಯಿತು.

"ಯಾರಿಗೇ ಇದು?"

"ನಾಯಕಿಗೆ."

ಗೆಳತಿ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಎಳೆದುಕೊಂಡಿದ್ದರೇ ಚೆನ್ನಾಗಿತ್ತು ಎನಿಸಿತು ಮೇಕಪ್‌ನವಳಿಗೆ.

ಇಬ್ಬರೂ ಸಿನಿಮಾಕ್ಕೆ ಒಂದೇ ವರ್ಷ ಬಂದವರು. ಕಪ್ಪಗಿದ್ದ ಗೆಳತಿಗೆ ಇಪ್ಪತ್ತು ವರ್ಷವೂ ಸಿಕ್ಕಿದ್ದು ಮನೆಗೆಲಸದವಳು, ಕಳ್ಳಿ, ಬೀದಿಜಗಳದವಳು, ಇಂಥ ಪಾತ್ರಗಳೇ. "ನಾನು ಗುಡಿಸಿದ ಸೆಟ್‌ಗಳನ್ನ ಸಾಲಾಗಿ ಇಟ್ರೆ ಒಂದು ಊರೇ ಆಗುತ್ತೆ" ಎಂದು ತಾನೇ ನಗಿಸುತ್ತಿದ್ದಳು. ಈ ಸಲದ ಸಿನಿಮಾ ಇಬ್ಬರು ಗೆಳತಿಯರ ಕಥೆ. ಕ್ಯಾನ್ಸರ್‌ನಿಂದ ಸಾಯುವವಳು ಕಪ್ಪು ಹೆಣ್ಣು. ಆ ಪಾತ್ರಕ್ಕೆ ಇವಳು ಕ್ಯಾಮೆರಾ ಮುಂದೆ ಟೆಸ್ಟ್ ಕೊಟ್ಟಾಗ ಲೈಟಿನವರೂ ಕಣ್ಣೊರೆಸಿಕೊಂಡಿದ್ದರು. ಪಾತ್ರ ಮಾತ್ರ ಬೆಳ್ಳಗಿನ ನಟಿಯ ಪಾಲಾಯಿತು. ಎರಡೇ ತಿಂಗಳಿಗೆ ಇವಳಿಗೇ ನಿಜವಾದ ಕಾಯಿಲೆ ಕಾಣಿಸಿಕೊಂಡಿತು. ಈಗ ಡಾಕ್ಟರು ದಿನಗಳ ಲೆಕ್ಕದಲ್ಲಿ ಮಾತಾಡುತ್ತಿದ್ದರು.

"ಇಷ್ಟು ವರ್ಷ ಡಬ್ಬೀಲಿ ಇದ್ದಿದ್ದನ್ನೇ ನನಗೆ ಬಳಿದ್ಯಲ್ಲೇ, ಬೂದಿ ಬಡ್ಕೊಂಡ ಹಾಗೆ ಕಾಣ್ತಿದ್ದೆ," ಎಂದಳು ಗೆಳತಿ. "ನನ್ನ ಬಣ್ಣ ಕಲಸೋಕೂ ನಿಂಗೆ ಬರುತ್ತೆ ಅಂತ ಇವತ್ತು ಗೊತ್ತಾಯ್ತು."

"ಸಣ್ಣ ಪಾತ್ರದವ್ರಿಗೆ ಅಷ್ಟು ಟೈಮ್ ಯಾರು ಕೊಡ್ತಾರೆ ಹೇಳು?"

"ಹೌದು ಬಿಡು."

ಮರುದಿನ ಬೆಳಿಗ್ಗೆ ನಟಿಯ ಹಣೆಗೆ ಆ ಬಣ್ಣ ಹಚ್ಚುತ್ತಿದ್ದಂತೆ ಮೇಕಪ್‌ನವಳ ಕೈ ನಿಂತಿತು. ನಿರ್ದೇಶಕ ಬಂದು ಏನಾಯಿತೆಂದು ಕೇಳಿದ.

"ನನ್ನ ಕೈಲಿ ಆಗಲ್ಲ ಸರ್. ಈ ಬಣ್ಣದವಳೇ ಇದ್ದಳಲ್ಲ."

ಅವನೇನೂ ಕೆಟ್ಟವನಲ್ಲ. "ಈ ಕಥೆ ಹಿಡ್ಕೊಂಡು ಎರಡು ವರ್ಷ ನಿರ್ಮಾಪಕರ ಮನೆಮನೆ ಅಲೆದಿದೀನಿ. ಜನಕ್ಕೆ ಗೊತ್ತಿರೋ ಮುಖ ಇಲ್ದಿದ್ರೆ ಸಿನಿಮಾನೇ ಆಗ್ತಿರ್ಲಿಲ್ಲ. ಅದೂ ಅಲ್ದೆ, ಟೆಸ್ಟ್ ದಿನ ನಾನು ಕೇಳಿದಾಗ ನೀವೇ ಅಂದ್ರಲ್ಲ, ಆ ಮುಖ ಕ್ಯಾಮೆರಾಗೆ ಕಷ್ಟ ಅಂತ?"

ಅಂದಿದ್ದಳು. ಎದುರಿಗಿದ್ದವರ ಮನಸ್ಸಿನಲ್ಲಿ ಇದ್ದುದನ್ನೇ ಬಾಯಲ್ಲಿ ಹೇಳಿ ಕೆಲಸ ಉಳಿಸಿಕೊಳ್ಳುವುದು ಅವಳಿಗೆ ರೂಢಿಯಾಗಿಬಿಟ್ಟಿತ್ತು. ನಟಿಯ ಹಣೆಯನ್ನು ಮೆಲ್ಲಗೆ ಒರೆಸಿ, ಕ್ಷಮೆ ಕೇಳಿ, ಪೆಟ್ಟಿಗೆ ಎತ್ತಿಕೊಂಡು ಹೊರಟಳು. ಮತ್ತೆ ಕರೆಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಆಸ್ಪತ್ರೆಯಲ್ಲಿ ಗೆಳತಿಯನ್ನು ದಿಂಬಿಗೆ ಒರಗಿಸಿ ಮುಖ ಒರೆಸಿದಳು. ಹಣೆ, ಮೂಗು, ಬಲಗೆನ್ನೆಗೆ ಬಣ್ಣ ಹಚ್ಚಿ ಕನ್ನಡಿ ಹಿಡಿದಳು. ಕಾಯಿಲೆ ಹೀರಿದ್ದ ಹೊಳಪು ಅಷ್ಟು ಭಾಗಕ್ಕೆ ಮರಳಿ ಬಂದಿತ್ತು. ಗೆಳತಿ ಕನ್ನಡಿಯನ್ನು ತನ್ನ ಕೈಗೆ ತೆಗೆದುಕೊಂಡು ಅದರಲ್ಲಿದ್ದವಳನ್ನು ನೋಡಿದಳು.

"ಇವಳಿಗೆ ಆ ಪಾತ್ರ ಕೊಡಬಹುದಿತ್ತಲ್ವೇನೇ?"

ಮೇಕಪ್‌ನವಳಿಗೆ ಇನ್ನು ತಡೆಯಲಾಗಲಿಲ್ಲ. "ಈ ಮುಖ ಕಷ್ಟ ಅಂತ ಅವತ್ತು ಹೇಳಿದ್ದು ನಾನೇ ಕಣೇ," ಎಂದು ಬಿಕ್ಕಿದಳು.

"ಗೊತ್ತು. ಬಾಗಿಲ ಹತ್ರಾನೇ ನಿಂತಿದ್ದೆ."

ಗೆಳತಿ ಕನ್ನಡಿ ಕೆಳಗಿಟ್ಟು ಮುಖವನ್ನು ಈ ಕಡೆ ತಿರುಗಿಸಿದಳು.

"ಅಳಬೇಡ, ಕೈ ನಡುಗುತ್ತೆ. ಇನ್ನೊಂದು ಕೆನ್ನೆ ಬಾಕಿ ಇದೆ."