ಹದಿನಾರರ ವೇಗ

ಒಂದು ಡಿವಿಡಿ ಓಡದಿದ್ದರೆ ಒಬ್ಬನ ಮನೆಗೆ ಬೀಗ ಬೀಳುತ್ತದೆ ಎಂದು ಯಾರಾದರೂ ಹೇಳಿದ್ದರೆ ನಾನು ನಗುತ್ತಿದ್ದೆ. ಪೊನ್ನಂಪೇಟೆಯಲ್ಲಿ ಧರ್ಮೇಶಣ್ಣನ ಸ್ಟುಡಿಯೋದ ಕಂಪ್ಯೂಟರಿನ ಮುಂದೆ ಕೂತು ಒಂಬತ್ತು ವರ್ಷವಾಯಿತು. ಮೊದಲು ಮದುವೆ, ನಾಮಕರಣ, ಶಾಲೆಯ ವಾರ್ಷಿಕೋತ್ಸವ ಎಲ್ಲವನ್ನೂ ಡಿವಿಡಿಗೆ ತುಂಬಿಸಿ, ನಮ್ಮ ಅಂಗಡಿ ಮಾತಿನಲ್ಲಿ ‘ಬರೆದು’, ಕೊಡುತ್ತಿದ್ದೆ. ಈಗ ಮದುವೆಯವರು ಮೊಬೈಲಿಗೇ ಕಳಿಸಿ ಎನ್ನುತ್ತಾರೆ. ಡಿವಿಡಿ ಬೇಕು ಎನ್ನುವವರು ಸರ್ಕಾರಿ ಕಚೇರಿಯವರು ಮಾತ್ರ. ಪೆನ್‌ಡ್ರೈವ್ ಕೊಟ್ಟರೆ ವೈರಸ್ ಎನ್ನುತ್ತಾರೆ.

ಆ ಗುರುವಾರ ನಾನು ಮಕ್ಕಳಿಬ್ಬರನ್ನೂ ಶಾಲೆಯ ಬಸ್ಸಿಗೆ ಹತ್ತಿಸಿ, ಓಡುತ್ತ ಬಂದು ಶಟರ್ ಎತ್ತುವಷ್ಟರಲ್ಲಿ ನಿಂಗ ಮೆಟ್ಟಿಲ ಮೇಲೆ ಕೂತಿದ್ದ. ತಿತಿಮತಿ ಹತ್ತಿರದ ಎಸ್ಟೇಟಿನಲ್ಲಿ ಗೇಟು ಕಾಯುವವನು. ಹಿಂದಿನ ವಾರ ನಾನೇ ಬರೆದು ಕೊಟ್ಟಿದ್ದ ಡಿವಿಡಿಯನ್ನು ಕೌಂಟರಿನ ಮೇಲಿಟ್ಟ.

"ಅಕ್ಕಾ, ಇದು ಓಡ್ಲಿಲ್ಲ."

"ಎಲ್ಲಿ ಓಡ್ಲಿಲ್ಲ?"

"ಮಡಿಕೇರಿ ಲೇಬರ್ ಆಫೀಸಲ್ಲಿ. ಸಾಹೇಬ್ರು ಮೂರು ಸಲ ಹಾಕಿದ್ರು. ಸುಯ್ಯ್ ಅಂತ ತಿರುಗ್ತದೆ, ನಿಂತು ಹೋಗ್ತದೆ."

ಅವನ ಕಥೆ ನನಗೆ ಗೊತ್ತಿತ್ತು. ಒಂದು ರಾತ್ರಿ ಆನೆ ಒಳಗೆ ನುಗ್ಗಿ ಕಾಫಿ ಗಿಡಗಳ ನರ್ಸರಿಯನ್ನು ತುಳಿದು ಹಾಕಿತ್ತು. ನಿಂಗ ಗೇಟು ಹಾಕದೆ ಮಲಗಿದ್ದ ಎಂದು ಮ್ಯಾನೇಜರ್ ಅವನನ್ನು ಕೆಲಸದಿಂದ ತೆಗೆದರು. ಎಸ್ಟೇಟಿನವರು ಕೆಲಸದವರಿಗೆ ಕೊಡುವ ಲೈನ್ ಮನೆ ಬಿಡು ಎಂದೂ ಹೇಳಿದರು. ಎದುರಿನ ಹೋಂಸ್ಟೇಯ ಕ್ಯಾಮೆರಾದಲ್ಲಿ ಮಾತ್ರ ಬೇರೆಯೇ ಇತ್ತು: ಮುಚ್ಚಿದ ಗೇಟು, ಒಳಗೆ ಟಾರ್ಚ್ ಹಿಡಿದು ಕೂಗುತ್ತಿರುವ ನಿಂಗ, ಹಣೆ ಕೊಟ್ಟು ನೂಕುವ ಆನೆ. ಹೋಂಸ್ಟೇಯವರು ಪೆನ್‌ಡ್ರೈವಿನಲ್ಲಿ ಕೊಟ್ಟಿದ್ದನ್ನು ನಾನು ಡಿವಿಡಿಗೆ ಹಾಕಿದ್ದೆ. ಮಡಿಕೇರಿಯ ವಿಚಾರಣೆಯಲ್ಲಿ ಅವನಿಗಿದ್ದ ಸಾಕ್ಷಿ ಅದೊಂದೇ.

"ಮ್ಯಾನೇಜರ್ ಏನಂದ್ರು?"

"ಖಾಲಿ ಪ್ಲೇಟ್ ತಂದು ಆಟ ಆಡ್ತಾನೆ ಅಂದ್ರು. ನಿನ್ನೆ ಸಂಜೆ ಲೈನಿಗೆ ಬೀಗ ಹಾಕ್ಸಿದ್ರು. ಹೆಂಡ್ತಿ ಮುತ್ತಿ ಅವಳ ಅಕ್ಕನ ಮನೆ ಜಗಲೀಲಿ ಇದ್ದಾಳೆ. ಬರೋ ಗುರುವಾರ ಕಡೇ ವಿಚಾರಣೆಯಂತೆ. ಬೇರೆ ಡಿವಿಡಿ ತಾ, ಇದು ಯಾಕೆ ಓಡ್ಲಿಲ್ಲ ಅಂತ ಮಾಡಿದವ್ರ ಹತ್ರ ಬರೆಸ್ಕೊಂಡು ಬಾ ಅಂದ್ರು ಸಾಹೇಬ್ರು."

ಡಿವಿಡಿಯನ್ನು ನನ್ನ ಕಂಪ್ಯೂಟರಿಗೆ ಹಾಕಿದೆ. ಚೆನ್ನಾಗಿಯೇ ಓಡಿತು. ಅಷ್ಟರಲ್ಲಿ ಧರ್ಮೇಶಣ್ಣ ಬಂದರು.

"ನೋಡು, ಓಡ್ತದಲ್ಲ! ನಮ್ದೆಂಥ ತಪ್ಪು? ಅವ್ರ ಮಿಷನ್ ಅಜ್ಜನ ಕಾಲದ್ದು."

"ಬರೆದ ಮಿಷನ್ನಲ್ಲೇ ಹಾಕಿ ನೋಡಿದ್ರೆ ಓಡದೆ ಇರ್ತದಾ ಅಣ್ಣ? ಮಕ್ಕಳು ತಮ್ಮ ಪೇಪರ್ ತಾವೇ ತಿದ್ದಿದ ಹಾಗೆ."

"ಒಂಬತ್ತು ವರ್ಷ ಹೀಗೇ ಮಾಡಿದ್ದಲ್ವಾ? ಈಗ ಪಾಠ ಹೇಳ್ತೀಯಾ?"

ಹೌದು, ಒಂಬತ್ತು ವರ್ಷ ಹೀಗೇ. ನಮ್ಮ ಅಂಗಡಿಯಲ್ಲಿ ಡಿವಿಡಿ ಬರೆಯುವ ವೇಗ ಯಾವಾಗಲೂ ಹದಿನಾರು, ಅಂದರೆ ಎಲ್ಲಕ್ಕಿಂತ ಜೋರು. ಈ ಊರಲ್ಲಿ ಗಾಳಿ ಸ್ವಲ್ಪ ಜೋರಾದರೆ ಎಲ್ಲೋ ತೋಟದ ಒಂದು ಸಿಲ್ವರ್ ಓಕ್ ಮರದ ಕೊಂಬೆ ತಂತಿಯ ಮೇಲೆ ಬೀಳುತ್ತದೆ. ಬರೆಯುವಾಗ ಕರೆಂಟು ಹೋದರೆ ಆ ಡಿವಿಡಿ ಕಸ. ಯುಪಿಎಸ್ ಬ್ಯಾಟರಿ ಸತ್ತು ಎರಡು ಮಳೆಗಾಲವಾಯಿತು, ಅದನ್ನು ಬದಲಿಸುವ ಮಾತಿಲ್ಲ. ಬದಲಿಗೆ, "ಕರೆಂಟ್ ಇರೋದ್ರೊಳಗೆ ಮುಗ್ಸು, ಹದಿನಾರಕ್ಕೆ ಹಾಕು." ಹದಿನಾರರಲ್ಲಿ ಆರೇಳು ನಿಮಿಷ, ನಾಲ್ಕರಲ್ಲಿ ಹದಿನೈದು. ಆದರೆ ಜೋರಾಗಿ ಬರೆದದ್ದನ್ನು ಹಳೆಯ ಮಿಷನ್ನುಗಳು ಎಷ್ಟೋ ಸಲ ಓದಲಾರವು. ಬರೆದದ್ದು ಸರಿಯಿದೆಯೇ ಎಂದು ಕಂಪ್ಯೂಟರೇ ಪರೀಕ್ಷಿಸುವ ಒಂದು ಆಯ್ಕೆಯಿದೆ. ಅದಕ್ಕೂ ಹೊತ್ತು ಹಿಡಿಯುತ್ತದೆ ಎಂದು ಅದನ್ನೂ ತೆಗೆಸಿದ್ದರು. ಬೇಡ ಎನ್ನದೆ ನಾನೂ ಬಟನ್ ಒತ್ತುತ್ತ ಬಂದೆ. ಈಗ ಬಂದ ಸಿಟ್ಟು ಧರ್ಮೇಶಣ್ಣನ ಮೇಲೆ ಎಷ್ಟಿತ್ತೋ ನನ್ನ ಮೇಲೂ ಅಷ್ಟೇ ಇತ್ತು.

ನಿಂಗನ ಡಿವಿಡಿ ಹಿಡಿದುಕೊಂಡು ಪಕ್ಕದ ಟೈಪಿಂಗ್ ಕ್ಲಾಸಿಗೆ ಹೋದೆ. ಅಲ್ಲಿ ತಂಗಮ್ಮ ಮೇಡಂ ಹಳೆಯ ಕಂಪ್ಯೂಟರೊಂದನ್ನು ಇನ್ನೂ ಓಡಿಸುತ್ತಿದ್ದಾರೆ.

"ಎಂಥ ಯಮುನಾ, ಸ್ಟುಡಿಯೋದವ್ರಿಗೆ ನನ್ನ ಡಬ್ಬ ಬೇಕಾಯ್ತಾ? ದಿನಾ ನಗಾಡ್ತಿದ್ರಿ?"

"ಇವತ್ತು ನಗೋದು ನಿಮ್ಮ ಸರದಿ ಮೇಡಂ."

ಡಿವಿಡಿ ಸುಯ್ಯೆಂದು ತಿರುಗಿ ನಿಂತಿತು. ನಿಂಗ ಹೇಳಿದ ಹಾಗೆಯೇ.

ಆಮೇಲೆ ಹೊಸ ಡಿವಿಡಿ ಬರೆಯತೊಡಗಿದೆ. ಎಂಟರಲ್ಲಿ ಬರೆದದ್ದು ಮೇಡಂನ ಡಬ್ಬದಲ್ಲಿ ತೆರೆಯಿತು, ಆದರೆ ಆನೆ ಗೇಟಿನ ಹತ್ತಿರ ಬರುವಲ್ಲಿ ಎರಡು ಸಲ ತಡವರಿಸಿತು. ನಾಲ್ಕರಲ್ಲಿ ಬರೆಯುವಾಗ ಹನ್ನೊಂದನೇ ನಿಮಿಷಕ್ಕೆ ಕರೆಂಟು ಹೋಯಿತು. ಧರ್ಮೇಶಣ್ಣ ಗೆದ್ದವರ ಹಾಗೆ ನನ್ನ ಮುಖ ನೋಡಿದರು. ಕರೆಂಟು ಬಂದ ಮೇಲೆ ಇನ್ನೊಂದು ಹಾಕಿದೆ. ಬೇರೆ ಯಾವ ಕೆಲಸಕ್ಕೂ ಆ ಕಂಪ್ಯೂಟರನ್ನು ಮುಟ್ಟಲಿಲ್ಲ. ಕಂಪ್ಯೂಟರಿನ ಪರೀಕ್ಷೆಯೂ ಮುಗಿದ ಮೇಲೆ ಅದು ಮೇಡಂನ ಡಬ್ಬದಲ್ಲಿ ಮೊದಲಿನಿಂದ ಕೊನೆಯವರೆಗೆ ಒಂದೇ ಸಮನೆ ಓಡಿತು. ಅದೇ ರೀತಿ ಇನ್ನೆರಡು ಪ್ರತಿ ಮಾಡಿದೆ.

ಉಳಿದದ್ದು ಪತ್ರ.

"ಕಚೇರಿ ಮಿಷನ್ ಹಳೇದು, ಅದಕ್ಕೆ ಓಡ್ಲಿಲ್ಲ ಅಂತ ಬರಿ, ಸೀಲ್ ಹಾಕ್ತೇನೆ," ಎಂದರು ಧರ್ಮೇಶಣ್ಣ.

"ಅವ್ರ ತಪ್ಪು ಅಂತ ಅವ್ರಿಗೇ ಬರೆದ್ರೆ ನಿಂಗನ ಮಾತು ಕೇಳ್ತಾರಾ? ನಾವು ಜಾಸ್ತಿ ವೇಗಕ್ಕೆ ಹಾಕಿದ್ದು, ನೋಡದೆ ಕೊಟ್ಟದ್ದು. ಅದನ್ನೇ ಬರೀತೇನೆ."

"ಅಂಗಡಿ ಹೆಸ್ರು ಕೆಡ್ಸಿದ್ರೆ ನಾಳೆಯಿಂದ ಬರ್ಬೇಡ."

"ಅಂಗಡಿ ಹೆಸ್ರು ಬೇಡ. ನನ್ನ ಹೆಸ್ರು ಉಂಟಲ್ಲ."

ಮನೆಯಲ್ಲಿ ಇಬ್ಬರು ಮಕ್ಕಳಿರುವವಳು ಆಡುವ ಮಾತಲ್ಲ ಅದು. ಆದರೂ ಬರೆದೆ, ಸಹಿ ಹಾಕಿದೆ, ಗುರುವಾರ ರಜೆ ಎಂದೂ ಹೇಳಿದೆ. ಅವರು ಗೊಣಗಿದರು, ಆದರೆ ತಡೆಯಲಿಲ್ಲ. ನನ್ನನ್ನು ಬಿಟ್ಟರೆ ಆ ಕಂಪ್ಯೂಟರ್ ಮುಟ್ಟುವವರಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಮಡಿಕೇರಿಯಲ್ಲಿ ಸಾಹೇಬರು ನನ್ನ ಪತ್ರವನ್ನು ಎರಡು ಸಲ ಓದಿದರು.

"ತಪ್ಪು ನಿಮ್ದೇ ಅಂತ ಬರ್ದಿದ್ದೀರಲ್ಲಮ್ಮ?"

"ಹೌದು ಸರ್. ಬಟನ್ ಒತ್ತಿದ್ದು ನಾನೇ."

ಡಿವಿಡಿ ಹಾಕಿದರು. ಅದು ತಿರುಗುವ ಸದ್ದು ಬಂದಾಗ ನಿಂಗ ಕಣ್ಣು ಮುಚ್ಚಿಕೊಂಡ. ಪರದೆಯ ಮೇಲೆ ಗೇಟು ಬಂತು, ಮುಚ್ಚಿಯೇ ಇತ್ತು. ಟಾರ್ಚಿನ ಬೆಳಕು ಅತ್ತಿತ್ತ ಓಡಿತು. ಆನೆ ಬಂತು, ಹಣೆ ಕೊಟ್ಟಿತು, ಕಂಬ ಬುಡಸಮೇತ ಬಿತ್ತು. ಎಲ್ಲಿಯೂ ತಡವರಿಸಲಿಲ್ಲ.

ಸಾಹೇಬರು ಮ್ಯಾನೇಜರ್ ಕಡೆ ತಿರುಗಿದರು. "ಮಲಗಿದ್ದ ಅಂದ್ರಲ್ಲ? ಇದು ಮಲಗೋ ರೀತಿಯಾ?"

ಮ್ಯಾನೇಜರ್ ಮೊಬೈಲ್ ನೋಡತೊಡಗಿದರು. ಬೀಗ ಇವತ್ತೇ ತೆಗೆಸಬೇಕು, ಕೆಲಸಕ್ಕೆ ವಾಪಸ್ ಸೇರಿಸಿಕೊಳ್ಳಬೇಕು ಎಂದು ಸಾಹೇಬರು ಬರೆಸಿದರು.

ಹೊರಗೆ ಬಂದ ಮೇಲೆ ನಿಂಗ ಖುಷಿಯಾಗುತ್ತಾನೆ, ಕೈ ಮುಗಿಯುತ್ತಾನೆ ಎಂದುಕೊಂಡಿದ್ದೆ. ಅವನು ಹಾಗೇನೂ ಮಾಡಲಿಲ್ಲ. ಬಸ್ ಸ್ಟ್ಯಾಂಡಿನ ಇಳಿಜಾರಿನಲ್ಲಿ ನಿಂತು ನನ್ನನ್ನೇ ನೋಡಿದ.

"ಅಕ್ಕಾ, ಮೊದಲ್ನೇ ಸಲಾನೇ ಹೀಗೆ ಮಾಡ್ಲಿಕ್ಕೆ ಆಗ್ತಿತ್ತಾ?"

"ಆಗ್ತಿತ್ತು."

"ಎಷ್ಟು ಹೊತ್ತು ಜಾಸ್ತಿ ಬೇಕಿತ್ತು?"

"ಹತ್ತಿಪ್ಪತ್ತು ನಿಮಿಷ."

ಅವನು ತಲೆ ಅಲ್ಲಾಡಿಸಿದ. "ಮುತ್ತಿ ಎಂಟು ರಾತ್ರಿ ಜಗಲೀಲಿ ಮಲಗಿದ್ಳು," ಎಂದ. ಆಮೇಲೆ ನನ್ನನ್ನು ಕಾಯದೆ ತಿತಿಮತಿ ಬಸ್ ಹತ್ತಿದ.